ಪ್ರೋಗ್ರಾಮಿಗೂ ಲೆಕ್ಕದ ಪುಸ್ತಕಕ್ಕೂ ನಡುವಿನ ದುಭಾಷಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ಸಭೆಯಲ್ಲಿ ಒಬ್ಬ ಹಿರಿಯರು ಎದ್ದುನಿಂತು, “ನಮ್ಮ ಹೆಸರುಗಳೆಲ್ಲ ಪ್ರಶ್ನಾಚಿಹ್ನೆಗಳಾಗಿ ಹೋದುವಲ್ಲ, ಇದಕ್ಕೆ ಜವಾಬ್ದಾರರು ಯಾರು?” ಎಂದು ಕೇಳಿದರು. ಜವಾಬ್ದಾರನು ನಾನೇ. ನಡೆದದ್ದೇನು, ಏಕೆ ನಡೆಯಿತು ಎಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಹಗಲು ಹೋಟೆಲಿನ ಗಲ್ಲಾದಲ್ಲಿ ಕುಳಿತು, ರಾತ್ರಿ ತರಗತಿಯಲ್ಲಿ ಈ ವಿದ್ಯೆಯನ್ನು ಅಷ್ಟಿಷ್ಟು ಕಲಿತವನು ನಾನು, ಪಂಡಿತನಲ್ಲ. ತಪ್ಪಿದರೆ ತಿದ್ದಿರಿ.

ನಮ್ಮ ಸಹಾಯನಿಧಿಯ ಲೆಕ್ಕವನ್ನು ಲೆಜ್ಜರಿನಿಂದ ಕಂಪ್ಯೂಟರಿಗೆ ಸಾಗಿಸುವುದೆಂದು ನಿಶ್ಚಯವಾಯಿತಷ್ಟೆ. ಅಲ್ಲಿ ಲೆಕ್ಕವನ್ನು ಇಡುವುದು ಡೇಟಾಬೇಸು. ಸಾಲು ಮತ್ತು ಕಲಮುಗಳ ಕೋಷ್ಟಕಗಳಲ್ಲಿ ಲೆಕ್ಕವನ್ನಿಟ್ಟು, ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಸದಸ್ಯ ಸಂಖ್ಯೆಯಂಥ ಗುರುತಿನಿಂದ ಹೆಣೆಯುವ ಈ ರೀತಿಯನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಎಂಬವರು ಬರೆದು ಪ್ರಕಟಿಸಿದರು. ನಾವು ಬಳಸಿದ್ದು ಮೈಎಸ್‌ಕ್ಯೂಎಲ್. ಅದು ಬಂದದ್ದು 1995ರಲ್ಲಿ. ಅದನ್ನು ಕಟ್ಟಿದವರಲ್ಲೊಬ್ಬರು ತಮ್ಮ ಮಗಳ ಹೆಸರನ್ನೇ ಅದಕ್ಕಿಟ್ಟರು. ನಮ್ಮೂರಿನವರು ಹೋಟೆಲಿಗೆ ಮಕ್ಕಳ ಹೆಸರಿಡುವುದಿಲ್ಲವೇ, ಹಾಗೆಯೇ.

ನಾವು ಚಂದಾ ಬರೆಯುವ ಪ್ರೋಗ್ರಾಮು ಜಾವಾ ಭಾಷೆಯದು. ಡೇಟಾಬೇಸಿನದು ಬೇರೆಯೇ ಮಾತು. ತಂತಿಯ ಮೇಲೆ ಯಾವ ಅಂಕೆ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಪ್ರತಿಯೊಂದು ಡೇಟಾಬೇಸಿಗೂ ತನ್ನದೇ ಕಟ್ಟಳೆಯಿದೆ. ಕುಂದಾಪುರದಿಂದ ಆಗತಾನೇ ಮುಂಬಯಿಗೆ ಬಂದಿಳಿದ ಹುಡುಗನು ಮರಾಠಿ ಬಾರದೆ ರೇಷನ್ ಕಚೇರಿಯ ಕಿಟಕಿಯ ಮುಂದೆ ನಿಂತರೆ ಏನಾಗುವುದೋ ಅದೇ ಆಗುತ್ತದೆ. ಎರಡೂ ಬಲ್ಲ ಹಿರಿಯನೊಬ್ಬ ಜೊತೆಗಿರಬೇಕು. ಆ ಹಿರಿಯನಿಗೇ ಡ್ರೈವರ್ ಎನ್ನುತ್ತಾರೆ. ಈ ಮಾತು ಕೇಳಿದೊಡನೆ ಬೆಸ್ಟ್ ಬಸ್ಸು ನೆನಪಾಗುವುದು ಸಹಜ. ಆದರೆ ಇವನು ಬಸ್ಸು ನಡೆಸುವವನಲ್ಲ, ದುಭಾಷಿ.

ಈ ದುಭಾಷಿಗಳೆಲ್ಲರೂ ಪ್ರೋಗ್ರಾಮಿನ ಕಡೆಗೆ ಒಂದೇ ರೀತಿಯಲ್ಲಿ ಮಾತನಾಡಬೇಕೆಂದು ಜಾವಾದವರು 1997ರಲ್ಲಿ ಜೆಡಿಬಿಸಿ ಎಂಬ ಕಟ್ಟುಪಾಡನ್ನು ತಂದರು. ಅದಕ್ಕೂ ಮುಂಚೆ, 1992ರಲ್ಲಿ, ಮೈಕ್ರೋಸಾಫ್ಟಿನ ಓಡಿಬಿಸಿ ಬಂದಿತ್ತು. ಇದರಿಂದ ನಾಳೆ ಡೇಟಾಬೇಸನ್ನು ಬದಲಾಯಿಸಿದರೂ ಪ್ರೋಗ್ರಾಮಿನ ಬಹುಭಾಗ ಹಾಗೆಯೇ ಉಳಿಯುತ್ತದೆ. ದುಭಾಷಿಯನ್ನೂ ವಿಳಾಸವನ್ನೂ ಬದಲಿಸಿದರೆ ಬಹುಮಟ್ಟಿಗೆ ಸಾಕು.

ವಿಳಾಸವೆಂದೆನಲ್ಲ. ಯಾವ ದುಭಾಷಿ, ಯಾವ ಯಂತ್ರ, ಯಾವ ಬಾಗಿಲು, ಯಾವ ಪುಸ್ತಕ ಎಂಬುದನ್ನೆಲ್ಲ ಒಂದೇ ಸಾಲಿನಲ್ಲಿ ಬರೆದುಕೊಡಬೇಕು. ಮೈಎಸ್‌ಕ್ಯೂಎಲಿನ ರೂಢಿಯ ಬಾಗಿಲ ಸಂಖ್ಯೆ 3306. ಜೊತೆಗೆ ಬಳಕೆದಾರನ ಹೆಸರು, ಗುಪ್ತಪದ. ದುಭಾಷಿಯ ಕಡತವನ್ನೇ ಜೊತೆಗಿಡಲು ಮರೆತರೆ “ತಕ್ಕ ಡ್ರೈವರು ಸಿಗಲಿಲ್ಲ” ಎಂಬ ಉತ್ತರ ಬರುತ್ತದೆ. ಮೊದಲನೆಯ ಸಂಜೆಯೆಲ್ಲ ನನಗೆ ಬಂದದ್ದು ಇದೊಂದೇ ಉತ್ತರ. ಅದೇನೂ ದೊಡ್ಡ ಸಂಕಟವಲ್ಲ; ಬೈದರೂ ಬಾಯಿಬಿಟ್ಟು ಬೈಯುತ್ತದೆ. ಸಂಕಟ ಬಂದದ್ದು ಬಾಯಿ ಬಿಡದ ತಪ್ಪಿನಿಂದ.

ಕನ್ನಡದ ಅಕ್ಷರಗಳನ್ನು ಕಂಪ್ಯೂಟರು ಅಂಕೆಗಳಾಗಿ ಇಟ್ಟುಕೊಳ್ಳುತ್ತದೆ. ಈಗ ರೂಢಿಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಕೂಡಿಸುವ ಗುರುತೂ ಸೇರಿ ಐದು ಚಿಹ್ನೆಗಳು, ಒಟ್ಟು ಹದಿನೈದು ಬೈಟು. ಲ್ಯಾಟಿನ್-1 ಎಂಬ ಹಳೆಯ ಕ್ರಮವೊಂದಿದೆ. ಅದರಲ್ಲಿರುವುದು 256 ಮನೆಗಳು ಮಾತ್ರ. ಯೂರೋಪಿನ ಕೆಲವು ಭಾಷೆಗಳಿಗೆ ಸಾಲುತ್ತದೆ, ಕನ್ನಡಕ್ಕೆ ಅಲ್ಲಿ ಒಂದು ಮನೆಯೂ ಇಲ್ಲ. ನಮ್ಮಲ್ಲಿದ್ದುದು ಹಳೆಯ ಮೈಎಸ್‌ಕ್ಯೂಎಲ್. 2018ರಲ್ಲಿ ಬಂದ 8.0ಕ್ಕಿಂತ ಹಿಂದಿನವು ಬೇರೆ ಹೇಳದಿದ್ದರೆ ಲ್ಯಾಟಿನ್-1ನ್ನೇ ಹಿಡಿಯುತ್ತಿದ್ದುವು. ನಾನು ಕೋಷ್ಟಕಗಳನ್ನು ಯುಟಿಎಫ್-8ರಲ್ಲಿ ಕಟ್ಟಿ, ಕೆಲಸ ಮುಗಿಯಿತೆಂದುಕೊಂಡೆ. ನಡುವಿನ ದಾರಿಯನ್ನು ಮರೆತೆ. ವಿಳಾಸದ ಸಾಲಿನಲ್ಲಿ ಯಾವ ಲಿಪಿಕ್ರಮವೆಂದು ನಾನು ಹೇಳದಿದ್ದುದರಿಂದ ಡ್ರೈವರು ಸರ್ವರಿನ ರೂಢಿಯನ್ನೇ ಹಿಡಿಯಿತು; ಕನ್ನಡದ ಪ್ರತಿಯೊಂದು ಚಿಹ್ನೆಗೂ ಮನೆ ಹುಡುಕಿ, ಸಿಗದೆ, ಒಂದೊಂದು ಪ್ರಶ್ನಾಚಿಹ್ನೆಯನ್ನಿಟ್ಟು ಮುಂದೆ ಕಳಿಸಿತು. ಒಂದು ಸೊಲ್ಲೂ ಎತ್ತಲಿಲ್ಲ. ಮೊತ್ತಗಳು ಸರಿ, ತಾರೀಕುಗಳು ಸರಿ. ಹೆಸರುಗಳು ಮಾತ್ರ ಮಾಯ.

ಹೀಗೆ ಹೋದ ಅಕ್ಷರವನ್ನು ಮರಳಿ ತರಲಾಗದು. ಒಳಗೆ ಬರೆದಿರುವುದೇ ಪ್ರಶ್ನಾಚಿಹ್ನೆ. ಗಂಡನನ್ನು ಕಳೆದುಕೊಂಡ ಸೋದರಿಯೊಬ್ಬರು ನಿಧಿಯ ಹಣಕ್ಕೆ ಬಂದಾಗ, ಅಷ್ಟೇ ಉದ್ದದ ಹೆಸರಿನ ಮೂವರು ಪಟ್ಟಿಯಲ್ಲಿದ್ದರು. ಮೂರೂ ಸಾಲುಗಳಲ್ಲಿ ಬರಿಯ ಪ್ರಶ್ನಾಚಿಹ್ನೆ. ಅವರನ್ನು ಎರಡು ಸಲ ಬರಿಗೈಯಲ್ಲಿ ಕಳಿಸಬೇಕಾಯಿತು. ಆ ಎರಡು ದಿನ ನಾನು ಊಟ ಮಾಡಿದೆನೆಂದು ಹೇಳಲಾರೆ. ನಿವೃತ್ತರಾದ ನಮ್ಮ ಹಳೆಯ ಗುಮಾಸ್ತರು ರದ್ದಿಗೆ ಹಾಕಲೊಲ್ಲದೆ ಲೆಜ್ಜರುಗಳನ್ನು ತಮ್ಮ ಖೋಲಿಯ ಅಟ್ಟದ ಮೇಲೆ ಇಟ್ಟಿದ್ದರು. ಅವರಿಂದ ಮಾನ ಉಳಿಯಿತು. ಈಗ ವಿಳಾಸದ ಸಾಲಿನಲ್ಲಿ ಲಿಪಿಕ್ರಮ ಯುಟಿಎಫ್-8 ಎಂದು ಸೇರಿಸಿದೆ. ಬರೆದ ಹೆಸರನ್ನು ಪುನಃ ಓದಿ ಹೋಲಿಸುವ ಪರೀಕ್ಷೆಯನ್ನೂ ಇಟ್ಟಿದೆ.

ಇದೇ ಸಂದರ್ಭದಲ್ಲಿ ಇನ್ನೊಂದು ತಪ್ಪೂ ಕಂಡಿತು. ನಮ್ಮ ಮಂಗಳೂರಿನ ಸೋದರರು ಡಿ'ಸೋಜ ಎಂದು ನಡುವೆ ಗುರುತು ಹಾಕಿ ಬರೆಯುತ್ತಾರಲ್ಲ, ಆ ಗುರುತೇ ಡೇಟಾಬೇಸಿನ ಭಾಷೆಯಲ್ಲಿ “ಹೆಸರು ಇಲ್ಲಿಗೆ ಮುಗಿಯಿತು” ಎಂಬ ಸಂಜ್ಞೆ. ನಾನು ಆಜ್ಞೆಯ ವಾಕ್ಯದೊಳಗೆ ಹೆಸರನ್ನು ಅಂಟಿಸಿ ಕಳಿಸುತ್ತಿದ್ದೆ; ವಾಕ್ಯ ಡಿ ಎಂಬಲ್ಲಿಯೇ ಮುರಿಯಿತು. ದುರುಳನಾದವನು ಹೆಸರಿನ ಜಾಗದಲ್ಲಿ ಅದೇ ಗುರುತು ಹಾಕಿ, ಮುಂದೆ ತನ್ನದೇ ಷರತ್ತು ಬರೆದರೆ ಎಲ್ಲರ ಲೆಕ್ಕವನ್ನೂ ಓದಿಬಿಡಬಲ್ಲನು. ಇದಕ್ಕೆ ಮದ್ದು ಸುಲಭ. ವಾಕ್ಯವನ್ನು ಮೊದಲೇ ಸಿದ್ಧಮಾಡಿ, ಹೆಸರು ಬರತಕ್ಕ ಕಡೆ ಜಾಗ ಬಿಟ್ಟು, ಹೆಸರನ್ನು ಬೇರೆಯಾಗಿ ಡ್ರೈವರಿನ ಕೈಗೆ ಕೊಡುವುದು. ಆಗ ಅದು ಹೆಸರನ್ನು ಹೆಸರೆಂದೇ ಕಾಣುತ್ತದೆ, ಆಜ್ಞೆಯೆಂದು ಕಾಣುವುದಿಲ್ಲ. ತಮಾಷೆಯೆಂದರೆ ಆ ಖಾಲಿ ಜಾಗಕ್ಕೂ ಜೆಡಿಬಿಸಿಯಲ್ಲಿ ಹಾಕುವುದು ಪ್ರಶ್ನಾಚಿಹ್ನೆಯನ್ನೇ!

ನಿಧಿಯಿಂದ ಹಣ ಕಳೆಯುವುದು, ಸದಸ್ಯರ ಖಾತೆಗೆ ಬರೆಯುವುದು ಇವೆರಡೂ ಒಟ್ಟಿಗೆ ಆಗಬೇಕು. ನಡುವೆ ಕರೆಂಟು ಹೋದರೆ ಎರಡೂ ಆಗಬಾರದು. ಜೆಡಿಬಿಸಿ ತಾನಾಗಿ ಒಂದೊಂದು ಬರಹವನ್ನೂ ಕೂಡಲೇ ಖಾಯಂ ಮಾಡಿಬಿಡುತ್ತದೆ. ಅದನ್ನು ನಿಲ್ಲಿಸಿ, ಎರಡೂ ಮುಗಿದ ಮೇಲೆ ಖಾಯಂ ಮಾಡೆಂದು ನಾವೇ ಹೇಳುವಂತೆ ಮಾಡಿದ್ದೇವೆ. ಕೆಲಸವಾದ ಮೇಲೆ ಸಂಪರ್ಕ ಮುಚ್ಚುವುದೂ ಅಷ್ಟೇ ಮುಖ್ಯ. ಮೈಎಸ್‌ಕ್ಯೂಎಲ್ ರೂಢಿಯಲ್ಲಿ ಒಂದೇ ಕಾಲಕ್ಕೆ 151 ಸಂಪರ್ಕಗಳನ್ನು ಮಾತ್ರ ಒಳಗೆ ಬಿಡುತ್ತದೆ. ತೆರೆದಿಟ್ಟು ಮರೆತರೆ ಬಂದವರು ಬಾಗಿಲಲ್ಲೇ ನಿಲ್ಲಬೇಕು.

ಆ ಸೋದರಿಗೆ ಹಣ ಸಂದಾಯವಾಗಿದೆ. ರಸೀದಿ ಕಾರ್ಯದರ್ಶಿಗಳ ಬಳಿ ಇದೆ. ಇನ್ನೂ ಸರಿಪಡಿಸಬೇಕಾದ ಹೆಸರುಗಳಿವೆ. ಬರುವ ಭಾನುವಾರ ಹತ್ತು ಗಂಟೆಗೆ ವಾಚನಾಲಯದಲ್ಲಿ ಲೆಜ್ಜರುಗಳನ್ನು ಬಿಚ್ಚಿಡುತ್ತೇವೆ. ಒಬ್ಬರು ಓದಿ ಹೇಳಬೇಕು, ಒಬ್ಬರು ಟೈಪು ಮಾಡಬೇಕು. ಕೈಬರಹ ಓದಬಲ್ಲವರು ದಯವಿಟ್ಟು ಕನ್ನಡಕ ಮರೆಯದೆ ಬನ್ನಿ.