ಮುಚ್ಚಳಿಕೆಯ ಮೇಲೆ ನಡೆದ ರಾಜ್ಯಭಾರ



ಇಂಗ್ಲೆಂಡಿನ ಟ್ಯೂಡರ್ ಅರಸರು ಎಂದೊಡನೆ ನಮಗೆ ಇಬ್ಬರು ನೆನಪಾಗುತ್ತಾರೆ. ಒಬ್ಬ ಆರು ಮದುವೆಯಾದ ಎಂಟನೆಯ ಹೆನ್ರಿ, ಇನ್ನೊಬ್ಬಳು ಮದುವೆಯೇ ಆಗದ ಅವನ ಮಗಳು ಎಲಿಜಬೆತ್. ಆ ವಂಶಕ್ಕೆ ಬುನಾದಿ ಹಾಕಿದ ಏಳನೆಯ ಹೆನ್ರಿಯನ್ನು ಮಾತ್ರ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವುದು ವಾಡಿಕೆ: ಅಂತರ್ಯುದ್ಧ ನಿಲ್ಲಿಸಿದ, ಬೊಕ್ಕಸ ತುಂಬಿಸಿದ, ಜಿಪುಣನಾಗಿದ್ದ. ಆದರೆ ಆತ ದೇಶವನ್ನು ಆಳಿದ್ದು ಹೇಗೆ? ಅವನ ಕೈಯಲ್ಲಿದ್ದ ಬಹುದೊಡ್ಡ ಆಯುಧ ಒಂದು ಕಾಗದ. ಇವತ್ತು ಹೇಳಲು ಹೊರಟಿರುವುದು ಆ ಕಾಗದದ ಕತೆಯನ್ನು.

1485ರ ಆಗಸ್ಟ್ 22ರಂದು ಬಾಸ್ವರ್ತ್ ಕದನದಲ್ಲಿ ಮೂರನೆಯ ರಿಚರ್ಡ್ ಹತನಾದಾಗ ಹೆನ್ರಿಗೆ 28 ವರ್ಷ. ಅದರ ಹಿಂದಿನ 14 ವರ್ಷಗಳನ್ನು ಅವನು ಬ್ರಿಟನಿ ಮತ್ತು ಫ್ರಾನ್ಸಿನಲ್ಲಿ ಪರಾಶ್ರಯದಲ್ಲಿ ಕಳೆದಿದ್ದ. ತಾಯಿಯ ಕಡೆಯಿಂದ ಬಂದ ಸಿಂಹಾಸನದ ಹಕ್ಕೂ ಬಹಳ ತೆಳುವಾದದ್ದು. ಮೂವತ್ತು ವರ್ಷಗಳ 'ಗುಲಾಬಿಗಳ ಯುದ್ಧ'ದಲ್ಲಿ ಲಾರ್ಡುಗಳು ಅರಸರನ್ನು ಏರಿಸುವುದನ್ನೂ ಇಳಿಸುವುದನ್ನೂ ಚೆನ್ನಾಗಿ ಕಲಿತಿದ್ದರು. ಅವರ ಬಳಿ ತಮ್ಮ ಲಾಂಛನ ತೊಟ್ಟ ಬಂಟರ ಪಡೆಗಳಿದ್ದವು. ಅರಸನಿಗೋ, ಮೈಗಾವಲಿನವರನ್ನು ಬಿಟ್ಟರೆ ಕಾಯಂ ಸೈನ್ಯವಿಲ್ಲ, ಪೊಲೀಸರಿಲ್ಲ.

ಹೆನ್ರಿಯ ಮೊದಲ ಹೆಜ್ಜೆಯೇ ಅವನ ಬುದ್ಧಿಯ ಬಗೆಯನ್ನು ತೋರಿಸುತ್ತದೆ. ತನ್ನ ಆಳ್ವಿಕೆ ಆಗಸ್ಟ್ 21ರಿಂದಲೇ, ಅಂದರೆ ಯುದ್ಧದ ಹಿಂದಿನ ದಿನದಿಂದಲೇ ಶುರುವಾಯಿತೆಂದು ಅವನು ಲೆಕ್ಕ ಹಿಡಿದ. ಹಾಗಾಗಿ 22ರಂದು ರಿಚರ್ಡನ ಪರವಾಗಿ ಕಾದಿದವರೆಲ್ಲ ರಾಜದ್ರೋಹಿಗಳಾದರು! ರಾಜದ್ರೋಹಿಯ ಆಸ್ತಿ ಅರಸನಿಗೆ ಸೇರಬೇಕೆಂಬುದು ಕಾನೂನು. ತಾರೀಖೊಂದನ್ನು ಒಂದೇ ದಿನ ಹಿಂದಕ್ಕೆ ಸರಿಸಿ ಅವನು ವಿರೋಧಿಗಳ ಜಮೀನನ್ನೂ ಜೀವವನ್ನೂ ಹಿಡಿತಕ್ಕೆ ತಂದುಕೊಂಡ.

ಇನ್ನು ಆ ಕಾಗದದ ವಿಷಯ. ನಮ್ಮ ಕಚೇರಿಯ ಭಾಷೆಯಲ್ಲಿ ಅದಕ್ಕೆ ಮುಚ್ಚಳಿಕೆ ಎನ್ನಬಹುದು. 'ನಾನು ದೊರೆಗೆ ನಿಷ್ಠನಾಗಿರುತ್ತೇನೆ, ತಪ್ಪಿದರೆ ಇಷ್ಟು ಸಾವಿರ ಪೌಂಡ್ ತೆರುತ್ತೇನೆ' ಎಂದು ಬರೆದುಕೊಡಬೇಕು. ಎಷ್ಟೋ ವೇಳೆ ಬಂಧುಗಳೂ ಸ್ನೇಹಿತರೂ ಅದಕ್ಕೆ ಜಾಮೀನು ನಿಲ್ಲಬೇಕು. ಈ ಪದ್ಧತಿ ಹೆನ್ರಿ ಕಂಡುಹಿಡಿದದ್ದಲ್ಲ, ಹಿಂದಿನಿಂದ ಬಂದದ್ದು. ಆದರೆ ಅದನ್ನೇ ರಾಜ್ಯಭಾರದ ಕ್ರಮವಾಗಿ ಮಾಡಿಕೊಂಡವನು ಅವನು. ಇತಿಹಾಸಕಾರ ಜೆ. ಆರ್. ಲ್ಯಾಂಡರ್ ಲೆಕ್ಕ ಹಾಕಿದಂತೆ, ಆ ಕಾಲದ 62 ಲಾರ್ಡು ಮನೆತನಗಳ ಪೈಕಿ ಸುಮಾರು ಮುಕ್ಕಾಲು ಪಾಲು ಒಂದಲ್ಲ ಒಂದು ಸಮಯದಲ್ಲಿ ಮುಚ್ಚಳಿಕೆಯಿಂದಲೋ ರಾಜದ್ರೋಹದ ಶಾಸನದಿಂದಲೋ ಅರಸನ ಮುಷ್ಟಿಯಲ್ಲಿದ್ದವು.

ಒಂದು ಉದಾಹರಣೆ ನೋಡೋಣ. ಲಾರ್ಡ್ ಬರ್ಗವೆನಿ ಎಂಬಾತ ಕೆಂಟ್ ಪ್ರಾಂತದಲ್ಲಿ ಕಾನೂನು ಮೀರಿ 471 ಬಂಟರನ್ನು 30 ತಿಂಗಳು ಇಟ್ಟುಕೊಂಡಿದ್ದನೆಂದು 1507ರಲ್ಲಿ ತೀರ್ಪಾಯಿತು. ತಲೆಗೆ ತಿಂಗಳಿಗೆ 5 ಪೌಂಡಿನಂತೆ ದಂಡ 70,650 ಪೌಂಡ್. ಯಾವ ಲಾರ್ಡೂ ತೆರಲಾರದ ಮೊತ್ತವದು. ಅರಸನಿಗೆ ಅದು ಗೊತ್ತಿತ್ತು. 5,000 ಪೌಂಡನ್ನು ಹತ್ತು ವರ್ಷಗಳ ಕಂತಿನಲ್ಲಿ ಕಟ್ಟು, ಅಪ್ಪಣೆಯಿಲ್ಲದೆ ಕೆಂಟ್ ಮೊದಲಾದ ಪ್ರಾಂತಗಳಿಗೆ ಕಾಲಿಡಬೇಡ ಎಂದ. ಉಳಿದ ಮೊತ್ತ ನೆತ್ತಿಯ ಮೇಲೆ ತೂಗುತ್ತಲೇ ಇತ್ತು. ಆತನ ತಲೆ ಉಳಿಯಿತು, ಹಲ್ಲು ಮಾತ್ರ ಕಿತ್ತುಹೋಯಿತು.

ಹಣಕಾಸಿನಲ್ಲೂ ಹೆನ್ರಿಯದು ಇದೇ ರೀತಿ. ನಿಧಾನವಾಗಿ ತೆವಳುತ್ತಿದ್ದ ಹಳೆಯ ಖಜಾನೆ ಇಲಾಖೆಯನ್ನು ಬದಿಗಿಟ್ಟು, ಆದಾಯದ ಬಹುಭಾಗವನ್ನು ನೇರವಾಗಿ ಅರಮನೆಯ ಖಾಸಗಿ ಖಜಾನೆಗೆ ತಿರುಗಿಸಿಕೊಂಡ. ಲೆಕ್ಕದ ಪುಸ್ತಕಗಳನ್ನು ತಾನೇ ಓದಿ ಪುಟಪುಟಕ್ಕೂ ರುಜು ಹಾಕುತ್ತಿದ್ದ. ಆ ರುಜುಗಳನ್ನು ಇಂದಿಗೂ ನೋಡಬಹುದು. ಹೊಸ ತೆರಿಗೆಗೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕಿತ್ತು. 1497ರಲ್ಲಿ ಸ್ಕಾಟ್ಲೆಂಡ್ ಯುದ್ಧಕ್ಕೆಂದು ಹಾಕಿದ ತೆರಿಗೆಯ ವಿರುದ್ಧ ಕಾರ್ನ್‌ವಾಲಿನ ಜನ ದಂಗೆಯೆದ್ದು ಲಂಡನ್ನಿನ ಬಾಗಿಲಿಗೇ ಬಂದಿದ್ದರು. ಆಮೇಲೆ, 1509ರಲ್ಲಿ ಸಾಯುವವರೆಗೆ, ಅವನು ಪಾರ್ಲಿಮೆಂಟ್ ಕರೆದದ್ದು ಒಮ್ಮೆ ಮಾತ್ರ, 1504ರಲ್ಲಿ.

1502ರಲ್ಲಿ ಹಿರಿಯ ಮಗ ಆರ್ಥರ್ ತೀರಿಕೊಂಡ. ಮರುವರ್ಷ ರಾಣಿಯೂ ಹೋದಳು. ವಂಶಕ್ಕೆ ಉಳಿದದ್ದು ಒಬ್ಬನೇ ಹುಡುಗ. ಅರಸನ ಭಯ ಹೆಚ್ಚಿತು, ಜೊತೆಗೆ ಮುಚ್ಚಳಿಕೆಗಳೂ ಹೆಚ್ಚಿದವು. ರಿಚರ್ಡ್ ಎಂಪ್ಸನ್ ಮತ್ತು ಎಡ್ಮಂಡ್ ಡಡ್ಲಿ ಎಂಬ ಇಬ್ಬರು ವಕೀಲರು ಈ ಕೆಲಸಕ್ಕೆ ನಿಂತರು. ಕಾನೂನು ಬಲ್ಲವರ ಮಂಡಳಿಯೊಂದು ಜ್ಯೂರಿಯಿಲ್ಲದೆ ಜನರನ್ನು ಕರೆಸಿ ವಿಚಾರಿಸುತ್ತಿತ್ತು. ಧೂಳು ಹಿಡಿದಿದ್ದ ಹಳೆಯ ಶಾಸನಗಳು ಎದ್ದು ಬಂದವು. ಲಾರ್ಡುಗಳಿಗೆಂದು ಹೆಣೆದ ಬಲೆಗೆ ಲಂಡನ್ನಿನ ವರ್ತಕರೂ ಬಿದ್ದರು.

1509ರ ಏಪ್ರಿಲ್ 21ರಂದು ಹೆನ್ರಿ ತೀರಿಕೊಂಡ. ಸುದ್ದಿಯನ್ನು ಎರಡು ದಿನ ಬಚ್ಚಿಟ್ಟಿದ್ದರು. ಹೊರಬಿದ್ದ ಕೂಡಲೇ ಎಂಪ್ಸನ್, ಡಡ್ಲಿ ಇಬ್ಬರೂ ಸೆರೆಯಾದರು. ಮಗನ ಪಟ್ಟಾಭಿಷೇಕಕ್ಕೆ ತರುಣ ಥಾಮಸ್ ಮೋರ್ ಲ್ಯಾಟಿನ್ನಿನಲ್ಲಿ ಪದ್ಯ ಬರೆದು, ದಾಸ್ಯ ಕಳೆದು ಸ್ವಾತಂತ್ರ್ಯ ಬಂತೆಂದು ಹಿಗ್ಗಿದ.

ಆದರೆ ಆ ಇಬ್ಬರು ವಕೀಲರ ಮೇಲೆ ಹೊರಿಸಿದ ಆರೋಪ ಸುಲಿಗೆಯದಲ್ಲ. ಸುಲಿಗೆ ಎಂದರೆ ಅದು ಸತ್ತ ಅರಸನ ತನಕ ಹೋಗುತ್ತದಲ್ಲ! ಹೊಸ ಅರಸನ ವಿರುದ್ಧ ಸಂಚು ಹೂಡಿದರೆಂದು ರಾಜದ್ರೋಹದ ಆರೋಪ ಹೊರಿಸಿ 1510ರ ಆಗಸ್ಟ್ 17ರಂದು ಇಬ್ಬರ ತಲೆಯನ್ನೂ ಕಡಿದರು. ಕಾನೂನನ್ನು ತಿರುಚುವ ವಿದ್ಯೆಯಲ್ಲಿ ಪಳಗಿದವರು ತಿರುಚಿದ ಕಾನೂನಿಗೇ ಬಲಿಯಾದರು.

ಸಾಯುವ ಮೊದಲು ಡಡ್ಲಿ ಸೆರೆಮನೆಯಲ್ಲಿ ಕುಳಿತು ಒಂದು ಪಟ್ಟಿ ಬರೆದ. ಅರಸನಿಂದ ಅನ್ಯಾಯಕ್ಕೆ ಒಳಗಾದವರು ಇಂಥಿಂಥವರು, ಅವರಿಗೆ ಪರಿಹಾರ ಕೊಡಿಸಿದರೆ ಸತ್ತ ದೊರೆಯ ಆತ್ಮಕ್ಕೆ ಒಳಿತಾದೀತು ಎಂಬುದು ಅದರ ತಾತ್ಪರ್ಯ. ಅದರಲ್ಲಿ ಎಂಬತ್ತಕ್ಕೂ ಹೆಚ್ಚು ಪ್ರಕರಣಗಳಿವೆ. ಲಾರ್ಡುಗಳಿದ್ದಾರೆ, ಪಾದ್ರಿಗಳಿದ್ದಾರೆ, ಸಾಮಾನ್ಯ ವ್ಯಾಪಾರಿಗಳೂ ಇದ್ದಾರೆ.

ಹೆನ್ರಿ ತಂದ ಶಾಂತಿ ನಿಜವಾದದ್ದೇ. 1422ರ ನಂತರ ತಂದೆಯ ಸಿಂಹಾಸನವನ್ನೇರಿದ ಮಗನೊಬ್ಬ ಕಡೆಯವರೆಗೂ ಅದರಲ್ಲಿ ನೆಲೆನಿಂತದ್ದು 1509ರಲ್ಲೇ ಮೊದಲು. ಅದಕ್ಕಾಗಿ ರೈತನೂ ವರ್ತಕನೂ ಅವನಿಗೆ ಋಣಿಗಳು. ಆದರೆ ಆ ಶಾಂತಿಯ ಲೆಕ್ಕವನ್ನು ಅರಸ ರುಜು ಹಾಕಿದ ಪುಸ್ತಕದಲ್ಲಿ ಮಾತ್ರ ನೋಡಿದರೆ ಸಾಲದು. ಪಕ್ಕದಲ್ಲಿ ಡಡ್ಲಿಯ ಪಟ್ಟಿಯನ್ನೂ ಇಟ್ಟುಕೊಂಡು ಓದಬೇಕು.