ಹವ್ಯಾಸಿಗಳ ಪ್ರದರ್ಶನದಲ್ಲಿ ನಾನು ಕಲಿತದ್ದು

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



‘ಮಹಿಳೆ ಮತ್ತು ತಂತ್ರಜ್ಞಾನ’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತನಾಡಿ ಎಂದು ಕೇಳಿದಾಗ ತಕ್ಷಣ ಒಪ್ಪಿಕೊಂಡೆ. ಆಮೇಲೆ ಯೋಚಿಸಿದರೆ ವಿಷಯ ಬಹಳ ದೊಡ್ಡದು. ಹಾಗಾಗಿ ನಾನು ಓದುವಾಗ ನಮ್ಮ ಕ್ಲಬ್ ನಡೆಸಿದ ಒಂದು ಸಣ್ಣ ಪ್ರದರ್ಶನದ ಕಥೆ ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ.

2011ರ ಮಾತು. ಆಗ ನಾನು ಎಂ.ಟೆಕ್. ವಿದ್ಯಾರ್ಥಿನಿ. ದಹಿಸರ್‌ನಿಂದ ದಿನಾ ಲೋಕಲ್ ಹಿಡಿದು ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲಿ ಲಿನಕ್ಸ್ ಪ್ರಿಯರ ಒಂದು ಕ್ಲಬ್ ಇತ್ತು. ಲಿನಕ್ಸ್ ಎಂದರೆ ಏನು? ಕಂಪ್ಯೂಟರ್ ಓಡಬೇಕಾದರೆ ಒಂದು ಮೂಲ ತಂತ್ರಾಂಶ ಬೇಕು. ನಮಗೆಲ್ಲ ಗೊತ್ತಿರುವುದು ವಿಂಡೋಸ್. 1991ರಲ್ಲಿ ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅಂಥದ್ದೇ ಒಂದನ್ನು ಬರೆಯಲು ಹೊರಟು ಲೋಕದ ಮುಂದೆ ಇಟ್ಟ. ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಎಂದು ನೋಡಬಹುದು, ತಿದ್ದಬಹುದು, ಹಂಚಬಹುದು. ಇಂದು ನಿಮ್ಮ ಪರ್ಸಿನಲ್ಲಿರುವ ಆಂಡ್ರಾಯ್ಡ್ ಫೋನ್ ನಿಂತಿರುವುದು ಲಿನಕ್ಸ್ ಮೇಲೆಯೇ. ಆದರೆ ಆಗ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಇಟ್ಟುಕೊಂಡವರು ಬೆರಳೆಣಿಕೆಯವರು. ಜಾಹೀರಾತಿಲ್ಲ, ಅಂಗಡಿಯವನಿಗೆ ಅದರಿಂದ ಲಾಭವಿಲ್ಲ. ಇಷ್ಟಪಟ್ಟವರೇ ಇನ್ನೊಬ್ಬರಿಗೆ ತೋರಿಸಬೇಕು.

ಹೀಗೆ ತೋರಿಸುವ ಕೆಲಸವನ್ನು ನಮ್ಮ ದೇಶದಲ್ಲಿ ದೊಡ್ಡದಾಗಿ ಮಾಡಿದವರು ಬೆಂಗಳೂರಿನವರು. 2001ರ ಡಿಸೆಂಬರಿನಲ್ಲಿ ಅಲ್ಲಿನ ಲಿನಕ್ಸ್ ಬಳಕೆದಾರರ ಬಳಗ ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣದಲ್ಲಿ ‘ಲಿನಕ್ಸ್ ಬೆಂಗಳೂರು’ ನಡೆಸಿತು. ಮುಂದೆ ನಿಂತು ದುಡಿದವರಲ್ಲಿ ಅತುಲ್ ಚಿಟ್ನಿಸ್ ಪ್ರಮುಖರು. 2013ರಲ್ಲಿ ಅವರು ತೀರಿಕೊಂಡರು. 2005ರಲ್ಲಿ ಅದರ ಹೆಸರು ‘ಫಾಸ್ ಡಾಟ್ ಇನ್’ ಎಂದಾಯಿತು, 2012ರವರೆಗೆ ನಡೆಯಿತು. ಕಂಪನಿಗಳು ಪ್ರಾಯೋಜಕರಾಗಿ ಬಂದರೂ ನಡೆಸಿದವರು ಸ್ವಯಂಸೇವಕರು. ಬರೇ ಭಾಷಣ ಕೇಳಿ ಹೋಗುವುದಲ್ಲ, ಒಟ್ಟಿಗೆ ಕೂತು ಒಂದು ಕೆಲಸ ಮುಗಿಸಿ ಹೋಗಿ ಎಂದು ಹೇಳಿದವರು ಅವರು. ನಮ್ಮ ಕ್ಲಬ್ಬಿನ ಹಿರಿಯರು ಅಲ್ಲಿಗೆ ಹೋಗಿ ಬಂದು, ‘ನಾವೂ ಸಣ್ಣದಾಗಿ ಮಾಡುವ’ ಎಂದರು.

ಎರಡು ಕೋಣೆ, ಎಂಟು ಮೇಜು, ನೆಲದ ತುಂಬ ಎಕ್ಸ್‌ಟೆನ್ಶನ್ ವಯರು. ಒಂದು ಮೇಜಿನಲ್ಲಿ ಅಂಚೆಯಲ್ಲಿ ಉಚಿತವಾಗಿ ತರಿಸಿಕೊಂಡ ಉಬುಂಟು ಸಿ.ಡಿ.ಗಳು. ಇನ್ನೊಂದರಲ್ಲಿ ಗುಜರಿಗೆ ಹೋಗಬೇಕಾಗಿದ್ದ ಕಂಪ್ಯೂಟರ್, ಲಿನಕ್ಸ್ ಹಾಕಿದ ಮೇಲೆ ಚೆನ್ನಾಗಿ ಓಡುತ್ತಿತ್ತು. ಮೂಲೆಯ ಮೇಜಿನ ಮೇಲೆ, ‘ನಿಮ್ಮ ಕಂಪ್ಯೂಟರ್ ತನ್ನಿ, ನಾವು ಲಿನಕ್ಸ್ ಹಾಕಿ ಕೊಡುತ್ತೇವೆ’ ಎಂಬ ಬೋರ್ಡು.

ಕ್ಲಬ್ಬಿನಲ್ಲಿ ಹುಡುಗಿಯರು ಮೂವರು. ಕೆಲಸದ ಪಟ್ಟಿ ನೋಡಿದರೆ ಮೂವರ ಹೆಸರೂ ಹೆಸರು ನೋಂದಾಯಿಸುವ ಮೇಜು ಮತ್ತು ಚಹಾದ ಎದುರು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಬರೆದದ್ದಲ್ಲ, ಕೈ ತಾನಾಗಿ ಹಾಗೆ ಬರೆದಿತ್ತು. ನಾನು ಜಗಳ ಮಾಡಿ ಮೂಲೆಯ ಮೇಜು ಕೇಳಿ ಪಡೆದೆ.

ಎರಡನೆಯ ದಿನ ಬೊರಿವಲಿಯಿಂದ ನನ್ನ ದೊಡ್ಡಮ್ಮ ಬಂದರು. ರಿಕ್ಷಾದಲ್ಲಿ ಸಿ.ಪಿ.ಯು.ವನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದರು. ವೈರಸ್ ಹೊಕ್ಕು ಅದು ತುಂಬ ನಿಧಾನವಾಗಿತ್ತು. ದೊಡ್ಡಮ್ಮ ಒಂದು ಸಂಘದ ಮಹಿಳಾ ವಿಭಾಗಕ್ಕೆ ಅನೇಕ ವರ್ಷ ಕಾರ್ಯದರ್ಶಿಯಾಗಿದ್ದವರು. ವರದಿಗಳೆಲ್ಲ ಅದರಲ್ಲಿದ್ದವು. ಜೊತೆಗೆ ಅಜ್ಜಿ ಹಾಡುತ್ತಿದ್ದ 41 ಮದುವೆ ಹಾಡುಗಳು. ಅಜ್ಜಿಯನ್ನು ಎದುರು ಕೂರಿಸಿಕೊಂಡು ಕೇಳಿ ಕೇಳಿ ಟೈಪ್ ಮಾಡಿದ್ದು. ಆ ಹೊತ್ತಿಗೆ ಅಜ್ಜಿ ಹೋಗಿ ಎರಡು ವರ್ಷವಾಗಿತ್ತು.

‘ಬೇರೆ ಕಡೆ ಪ್ರತಿ ಇದೆಯಾ ದೊಡ್ಡಮ್ಮ?’ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹಿಂದೆ ನಾಲ್ಕು ಹುಡುಗರು ನಿಂತು ನೋಡುತ್ತಿದ್ದರು. ಬೇಗ ಮಾಡಿ ತೋರಿಸಬೇಕು ಎಂಬ ಹುರುಪು. ಡಿಸ್ಕಿನ ಒಂದು ಭಾಗ ಆರಿಸಬೇಕಾದಲ್ಲಿ ಇಡೀ ಡಿಸ್ಕ್ ಆರಿಸಿ ಮುಂದೆ ಒತ್ತಿಬಿಟ್ಟೆ. ಲಿನಕ್ಸ್ ಚೆಂದಕ್ಕೆ ಕೂತಿತು. ದೊಡ್ಡಮ್ಮ, ‘ನನ್ನ ಹಾಡು ಎಲ್ಲಿ ಮಗಾ?’ ಎಂದು ಕೇಳಿದಾಗ ನನಗೆ ಗೊತ್ತಾಯಿತು.

ಆಗ ನನ್ನ ಪಕ್ಕಕ್ಕೆ ಬಂದು ಕೂತವಳು ಚಹಾದ ಮೇಜಿನಲ್ಲಿದ್ದ ನಮ್ಮ ಹಿರಿಯ ಗೆಳತಿ. ‘ಇನ್ನು ಒಂದು ಕೀಲಿಯನ್ನೂ ಮುಟ್ಟಬೇಡ’ ಎಂದಳು. ಅಳಿಸಿದ ಕಡತ ಅದರ ಮೇಲೆ ಬೇರೆ ಬರೆಯುವ ತನಕ ಡಿಸ್ಕಿನಲ್ಲಿ ಉಳಿದಿರುತ್ತದೆ. ಅದನ್ನು ಹುಡುಕಿ ತೆಗೆಯುವ ‘ಫೋಟೋರೆಕ್’ ಎಂಬ ಉಚಿತ ತಂತ್ರಾಂಶವಿದೆ. ರಾತ್ರಿಯಿಡೀ ಅದನ್ನು ಓಡಿಸಿದೆವು. ಬೆಳಿಗ್ಗೆ ನೂರಾರು ಕಡತ ಸಿಕ್ಕಿದವು, ಒಂದಕ್ಕೂ ಹೆಸರಿಲ್ಲ. ತೆರೆದರೆ ಕನ್ನಡವೂ ಇಲ್ಲ! ಟೋಪಿ, ಬಾಲ ಅಂಟಿಸಿದ ಇಂಗ್ಲಿಷ್ ಅಕ್ಷರಗಳು.

ಕಾರಣ ಸರಳ. ಆಗ ನಾವು ಬಳಸುತ್ತಿದ್ದ ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಕಣ್ಣಿಗೆ ಕಾಣುವುದು ‘ಕ’, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆ. ಆ ಫಾಂಟ್ ಇಲ್ಲದಿದ್ದರೆ ಕನ್ನಡ ಮಾಯ. ಯುನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಹಳೆಯದನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳನ್ನು ಕನ್ನಡದ ಹವ್ಯಾಸಿಗಳೇ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅದರಿಂದ ವರದಿಗಳು ಬಂದವು. 23 ಹಾಡು ಬಂದವು. 18 ಬರಲಿಲ್ಲ.

ದೊಡ್ಡಮ್ಮ ಬೈಯಲಿಲ್ಲ. ಅದು ಬೈದದ್ದಕ್ಕಿಂತ ಕಷ್ಟವಾಯಿತು. ಮುಂದೆ ಪ್ರತಿ ಭಾನುವಾರ ಬೊರಿವಲಿಗೆ ಹೋದೆ. ನೆನಪಿದ್ದಷ್ಟನ್ನು ಅವರು ಹಾಡಿದರು, ನಾನು ಟೈಪ್ ಮಾಡಿದೆ. ಇನ್ನೂ ಏಳು ಸಿಕ್ಕಿದವು. ಉಳಿದ ಹನ್ನೊಂದು ಈಗ ಯಾರಿಗೂ ಬರುವುದಿಲ್ಲ. ಸಿಕ್ಕಿದ ಮೂವತ್ತು ಹಾಡು ಇಂದು ನಮ್ಮ ಕುಟುಂಬದ ಎಲ್ಲ ಮನೆಗಳಲ್ಲೂ ಇವೆ. ಒಂದೇ ಕಡೆ ಇಟ್ಟದ್ದು ಒಂದೇ ಬೆರಳಿಗೆ ಹೋಗುತ್ತದೆ ಎಂದು ನಾನು ಕಲಿತದ್ದು ಹೀಗೆ.

ಲಿನಕ್ಸ್ ಸಣ್ಣದಾಗಿದ್ದಾಗ ಉಳಿದದ್ದು ಅದನ್ನು ಮೇಜಿನ ಮೇಲಿಟ್ಟು ತೋರಿಸಿದವರಿಂದ, ಕೆಟ್ಟಾಗ ಪಕ್ಕ ಕೂತು ಸರಿ ಮಾಡಿದವರಿಂದ. ಕಂಪ್ಯೂಟರಿನಲ್ಲಿ ಕನ್ನಡ ಉಳಿದದ್ದೂ ಹಾಗೆಯೇ. ನಮ್ಮ ಊರಿನ ಕಡೆಯವರಾದ ಕೆ.ಪಿ. ರಾವ್, ಇದೇ ಮುಂಬಯಿಯ ಟಿ.ಐ.ಎಫ್.ಆರ್.ನಲ್ಲಿ ದುಡಿದವರು, ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಮಾಡಿ ತನ್ನದೆಂದು ಹಿಡಿದಿಟ್ಟುಕೊಳ್ಳದೆ ಎಲ್ಲರಿಗೂ ಕೊಟ್ಟರು. ಕಾಸರಗೋಡಿನ ಸರಕಾರಿ ಶಾಲೆಗಳ ಕನ್ನಡ ಮಾಧ್ಯಮದ ಮಕ್ಕಳು ಇಂದು ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲಿಯೇ. ದಹಿಸರ್‌ನಂಥ ಕಡೆ ಒಂದು ಕನ್ನಡ ಸಂಘ ನಡೆಯುವುದೂ ಹೀಗಲ್ಲವೇ? ಇಲ್ಲಿ ಕನ್ನಡ ಯಾರಿಗೂ ಕಡ್ಡಾಯವಲ್ಲ, ಬೇಕಾದವರು ಕೂಡಿ ನಡೆಸುತ್ತಿದ್ದೇವೆ.

ಹಾಗಾಗಿ ನನ್ನದೊಂದು ಕೋರಿಕೆ. ಒಂದು ಭಾನುವಾರ ಇದೇ ಸಭಾಗೃಹದಲ್ಲಿ ಮೂರು ಮೇಜು ಹಾಕುವ. ಒಂದರಲ್ಲಿ ನಿಮ್ಮ ಹಳೆಯ ಸಿ.ಡಿ., ಪೆನ್‌ಡ್ರೈವ್‌ಗಳಲ್ಲಿರುವ ಕನ್ನಡ ಬರಹಗಳನ್ನು ಯುನಿಕೋಡ್‌ಗೆ ತರುವ. ಇನ್ನೊಂದರಲ್ಲಿ ಫೋನಿನಲ್ಲಿ ಕನ್ನಡ ಬರೆಯಲು ಕಲಿಸುವ. ಮೂರನೆಯದರಲ್ಲಿ ಹಾಡು, ಅಡುಗೆ, ಊರಿನ ಕಥೆ, ನಿಮಗೆ ಬರುವುದನ್ನು ನೀವು ಹೇಳಿ, ಹುಡುಗಿಯರು ಬರೆದುಕೊಳ್ಳುತ್ತಾರೆ. ಏನನ್ನೇ ಮುಟ್ಟುವ ಮೊದಲು ಪ್ರತಿ ತೆಗೆದಿಡುವ ಜವಾಬ್ದಾರಿ ನನ್ನದು.

ಚಹಾದ ಮೇಜನ್ನು ಆ ದಿನ ಅಧ್ಯಕ್ಷರೂ ಅವರ ಸಮಿತಿಯ ಗಂಡಸರೂ ನೋಡಿಕೊಳ್ಳುತ್ತಾರೆ ಎಂದು ಭಾವಿಸುತ್ತೇನೆ.