ಮೆತ್ತಗಿನದು ಗಟ್ಟಿಯನ್ನು ಕೂಡುವಲ್ಲಿ

ಒಂದು ಸಣ್ಣ ಕೆಲಸ ಹೇಳುತ್ತೇನೆ, ಕೂತಲ್ಲೇ ಮಾಡಿ. ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ. ಚರ್ಮದಡಿ ಏನೋ ಉಬ್ಬಿ ಇಳಿಯುತ್ತದಲ್ಲ? ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳಿರುವುದು ಅಲ್ಲಿ. ಅವುಗಳ ಎಳೆತವನ್ನು ಮಣಿಕಟ್ಟು ದಾಟಿಸಿ ಬೆರಳಿನ ಮೂಳೆಗೆ ಮುಟ್ಟಿಸುವುದು ಸ್ನಾಯುರಜ್ಜು. ಬೆರಳು ಸೂಜಿಗೆ ದಾರ ಪೋಣಿಸುವಷ್ಟು ಸಪೂರವಾಗಿ ಉಳಿದಿರುವುದು ಇದರಿಂದಲೇ.

ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಸೇರಿಸುವ ಅಕಿಲಿಸ್ ರಜ್ಜು ಮೈಯಲ್ಲೇ ಅತಿ ದಪ್ಪನೆಯದು. ಓಡುವಾಗ ಅದರ ಮೇಲೆ ಬೀಳುವ ಎಳೆತ ದೇಹದ ತೂಕದ ಹಲವು ಪಟ್ಟು. ಮೇಲ್ತುದಿಯಲ್ಲಿ ಸ್ನಾಯುತಂತುಗಳ ಕೊನೆ ಮಡಿಕೆ ಮಡಿಕೆಯಾಗಿ ರಜ್ಜುವಿನೊಳಗೆ ಸೇರಿಕೊಳ್ಳುತ್ತದೆ. ಮಡಿಕೆ ಹೆಚ್ಚಿದಷ್ಟೂ ಹಿಡಿತದ ಜಾಗ ಹೆಚ್ಚು. ನನಗೆ ಇನ್ನೂ ಬೆರಗು ಹುಟ್ಟಿಸುವುದು ಕೆಳತುದಿ. ಮೆತ್ತಗಿನದನ್ನು ಗಟ್ಟಿಯಾದದ್ದಕ್ಕೆ ನೇರ ಅಂಟಿಸಿ ಎಳೆದರೆ ಕಿತ್ತುಬರುವುದು ಅಂಟಿಸಿದ ಗೆರೆಯಲ್ಲೇ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಒತ್ತಡವೆಲ್ಲ ಅಲ್ಲಿಗೇ ಬಂದು ಬೀಳುತ್ತದೆ. ಹಿಮ್ಮಡಿಯಲ್ಲಿ ಅಂಥ ಗೆರೆಯೇ ಇಲ್ಲ. ರಜ್ಜುವಿನ ಕೊಲಾಜನ್ ಎಳೆಗಳು ಮೊದಲು ನಾರುಳ್ಳ ಮೃದ್ವಸ್ಥಿಯನ್ನು ಹೊಗುತ್ತವೆ. ಸ್ವಲ್ಪ ಮುಂದೆ ಅದೇ ಮೃದ್ವಸ್ಥಿಗೆ ಕ್ಯಾಲ್ಸಿಯಂ ಲವಣ ಕೂಡಿ ಗಡುಸಾಗುತ್ತದೆ. ಆಮೇಲೆ ಮೂಳೆ. ಗಡುಸು ಮೃದ್ವಸ್ಥಿಯೂ ಮೂಳೆಯೂ ಬಡಗಿ ಹಾಕಿದ ಕಚ್ಚಿನಂತೆ ಒಂದರೊಳಗೊಂದು ಕೂತಿರುತ್ತವೆ. ಇಷ್ಟೆಲ್ಲ ನಡೆಯುವುದು ಒಂದು ಮಿಲಿಮೀಟರ್ ಆಸುಪಾಸಿನ ಜಾಗದಲ್ಲಿ!

ಇದನ್ನು ಒತ್ತಿ ಹೇಳಲು ಕಾರಣವಿದೆ. ಹೆಗಲಿನ ರಜ್ಜು ಮೂಳೆಯಿಂದ ಕಿತ್ತಾಗ ಶಸ್ತ್ರವೈದ್ಯರು ಅದನ್ನು ಹೊಲಿದು ಮತ್ತೆ ಕೂರಿಸುತ್ತಾರೆ. ಆದರೆ ದೊಡ್ಡವರ ದೇಹ ಆ ಹಂತ ಹಂತದ ಜೋಡಣೆಯನ್ನು ಮೊದಲಿನಂತೆ ಕಟ್ಟಿಕೊಡುವುದಿಲ್ಲ, ಗಾಯದ ಕಲೆಯಂಥ ಅಂಗಾಂಶದಿಂದ ಆ ಜಾಗವನ್ನು ತುಂಬುತ್ತದೆ. ರಜ್ಜುವಿಗೆ ರಕ್ತಪೂರೈಕೆಯೂ ಕಡಿಮೆ, ಹಾಗಾಗಿ ಸ್ನಾಯುವಿನಷ್ಟು ಬೇಗ ಮಾಯುವುದಿಲ್ಲ. ನೋವು ತಗ್ಗಿತಲ್ಲ ಎಂದು ಸ್ಲಿಂಗ್ ಕಳಚಿ ತುಂಬಿದ ಬಿಂದಿಗೆ ಎತ್ತುವವರ ಸುದ್ದಿ ಕೇಳಿದರೆ ಸಂಕಟವಾಗುತ್ತದೆ. ನೋವು ಇಳಿಯುವುದು ವಾರಗಳ ಮಾತು, ರಜ್ಜು ಮೂಳೆಯನ್ನು ಭದ್ರವಾಗಿ ಹಿಡಿಯುವುದು ತಿಂಗಳುಗಳ ಮಾತು. ಹಾಗೆಂದು ತೋಳನ್ನು ಅಲುಗಿಸದೇ ಬಿಟ್ಟುಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ. ಅದಕ್ಕೇ ಫಿಸಿಯೋಥೆರಪಿಯವರು ಮೊದಮೊದಲು ನಿಮ್ಮ ತೋಳನ್ನು ತಾವೇ ಹಿಡಿದು ಆಡಿಸುತ್ತಾರೆ. ನೀವಾಗಿ ಎತ್ತಲು ಬಿಡುವುದು ಆಮೇಲೆ, ಭಾರ ಕೊಡುವುದು ಅದಕ್ಕೂ ಆಮೇಲೆ.